ಧನುರ್ಮಾಸದ ಲೆಕ್ಕ: ವರ್ಷದ ಕೈಕೆಲಸವನ್ನು ಹರಡಿ ನೋಡುವ, ಮುಂದಿನ ವರ್ಷಕ್ಕೆ ಗುರಿ ಇಡುವ ಬಗೆ

ಧನುರ್ಮಾಸ ಬಂತೆಂದರೆ ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲಿ ಎರಡು ಬದಲಾವಣೆಗಳು ಕಾಣುತ್ತವೆ. ಮನೆ ಮನೆಯ ಮುಂದೆ ಅವರೆಕಾಯಿ ಬಿಡಿಸುವವರು ಕೂರುತ್ತಾರೆ. ಮದುವೆಗಳು ನಿಂತು, ಸೀರೆಗೆ ಕುಚ್ಚು ಹಾಕಿಸಲು ಬರುವವರು ಕಡಿಮೆಯಾಗುತ್ತಾರೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಈ ನಾಲ್ಕು ವಾರ ನನ್ನ ಕೈಗೆ ಬಿಡುವು. ವರ್ಷದ ಲೆಕ್ಕ ನೋಡಲು ಇದಕ್ಕಿಂತ ಒಳ್ಳೆಯ ಕಾಲ ನನಗೆ ಸಿಕ್ಕಿಲ್ಲ.

ನಾನು ದುಡಿಮೆಗಾಗಿ ಕುಚ್ಚು ಹಾಕುತ್ತೇನೆ. ಮನೆಗಾಗಿ, ಬಂಧುಗಳಿಗಾಗಿ ಕ್ರೋಶಾ ಹೆಣೆಯುತ್ತೇನೆ, ಕಸೂತಿ ಹಾಕುತ್ತೇನೆ. ಆಗೊಮ್ಮೆ ಈಗೊಮ್ಮೆ ರೇಷ್ಮೆಗೂಡಿನ ಹಾರ ಕಟ್ಟುತ್ತೇನೆ. ಬಹಳ ವರ್ಷ ಜನವರಿ ಒಂದರಂದು ಪುಸ್ತಕದ ಮೊದಲ ಪುಟದಲ್ಲಿ ದೊಡ್ಡ ದೊಡ್ಡ ಆಸೆಗಳನ್ನು ಬರೆಯುತ್ತಿದ್ದೆ. ಶಿವರಾತ್ರಿಯ ಹೊತ್ತಿಗೆ ಆ ಪುಟವನ್ನು ತೆರೆಯಲು ಮನಸ್ಸು ಬರುತ್ತಿರಲಿಲ್ಲ. ಈಗ ಆಸೆಗಳನ್ನು ಕೊನೆಗೆ ಬರೆಯುತ್ತೇನೆ. ಅದಕ್ಕೂ ಮೊದಲು ಅರ್ಧಕ್ಕೆ ನಿಂತ ಕೆಲಸಗಳ ಗಂಟನ್ನು ಬಿಚ್ಚುತ್ತೇನೆ. ಮುಗಿದ ಕೆಲಸ ನಮಗೆ ಏನು ಬರುತ್ತದೆ ಎಂದಷ್ಟೇ ಹೇಳುತ್ತದೆ. ನಿಂತ ಕೆಲಸ ನಮ್ಮ ಸಮಯ, ಕಣ್ಣು, ಕೈ, ಸಂಕೋಚ ಎಲ್ಲವನ್ನೂ ಹೇಳುತ್ತದೆ.

ಇದಕ್ಕೆ ಎರಡು ಮಧ್ಯಾಹ್ನಗಳು ಬೇಕು. ನೆಲಕ್ಕೆ ಹಾಸಲು ಹಳೆಯ ಬೆಡ್‌ಶೀಟ್, ಗೆರೆ ಇರುವ ನೋಟ್‌ಪುಸ್ತಕ, ಅಳತೆ ಟೇಪು, ಅಡುಗೆಮನೆಯ ಸಣ್ಣ ತಕ್ಕಡಿ, ನಾಲ್ಕು ಬಟ್ಟೆ ಚೀಲ, ಮೊಬೈಲ್ ಇದ್ದರೆ ಸಾಕು.

1. ಎಲ್ಲವನ್ನೂ ಹೊರಗೆ ತನ್ನಿ

ಎಲ್ಲವನ್ನೂ ಎಂದರೆ ಎಲ್ಲವನ್ನೂ. ಬೀರುವಿನ ಮೇಲಿನದು, ಮಂಚದ ಕೆಳಗಿನ ಟ್ರಂಕಿನದು, ಹೊಲಿಗೆ ಯಂತ್ರದ ಖಾನೆಯದು, ಬಿಸ್ಕತ್ತಿನ ಡಬ್ಬಿಯದು, ಊರಿಗೆ ಹೋದಾಗ ಬಸ್ಸಿನಲ್ಲಿ ಹೆಣೆಯಲೆಂದು ಕೈಚೀಲಕ್ಕೆ ಹಾಕಿಕೊಂಡು ಅಲ್ಲೇ ಮರೆತದ್ದು. ಬೆಡ್‌ಶೀಟಿನ ಮೇಲೆ ನಾಲ್ಕು ಗುಂಪು ಮಾಡಿ: ಮುಗಿದವು, ಅರ್ಧಕ್ಕೆ ನಿಂತವು, ಇನ್ನೂ ಕೈ ಹಾಕದ ಸಾಮಗ್ರಿ, ಉಪಕರಣಗಳು.

ಮಾರಿದ ಮತ್ತು ಉಡುಗೊರೆ ಕೊಟ್ಟ ವಸ್ತುಗಳು ಮನೆಯಲ್ಲಿ ಇರುವುದಿಲ್ಲ. ಅವುಗಳಿಗಾಗಿ ಮೊಬೈಲಿನ ಚಿತ್ರಗಳನ್ನು ಜನವರಿಯಿಂದ ಒಂದೊಂದಾಗಿ ನೋಡುತ್ತಾ ಬನ್ನಿ. ಚಿತ್ರದ ಜೊತೆಗೆ ದಿನಾಂಕವೂ ಸಿಗುತ್ತದೆ. ಕಳೆದ ಬಾರಿ ಹೀಗೆ ನೋಡುವಾಗ, ನಾನು ಮಾಡಿದ್ದೇ ಮರೆತುಹೋಗಿದ್ದ 7 ವಸ್ತುಗಳು ಸಿಕ್ಕವು. ಈ ವರ್ಷ ಏನೂ ಮಾಡಲಿಲ್ಲ ಎಂದು ಕೊರಗುವವರು ಈ ಕೆಲಸವನ್ನು ತಪ್ಪದೆ ಮಾಡಬೇಕು.

2. ಮುಗಿದವುಗಳನ್ನು ಬರೆಯಿರಿ

ಒಂದು ಸಾಲಿಗೆ ಒಂದು ವಸ್ತು. ಏನು, ಯಾರಿಗೆ, ಯಾವ ತಿಂಗಳು, ಸಾಮಗ್ರಿಗೆ ಎಷ್ಟು ಖರ್ಚು, ಸುಮಾರು ಎಷ್ಟು ಗಂಟೆ, ಈಗ ಎಲ್ಲಿದೆ. ಈ ಆರು ವಿವರಗಳಲ್ಲಿ ಕೊನೆಯದು ಹೆಚ್ಚು ಕಲಿಸುತ್ತದೆ. ಎರಡು ತಿಂಗಳು ಕೂತು ಹೆಣೆದ ಮೇಜಿನ ಹೊದಿಕೆ ಪಡೆದವರ ಮನೆಯ ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಿಚಿಕೊಂಡೇ ಇದೆ. ಎರಡು ಸಂಜೆಯಲ್ಲಿ ಹೆಣೆದ ಮಸಿಬಟ್ಟೆ ಅದೇ ಮನೆಯ ಒಲೆಯ ಪಕ್ಕದಲ್ಲಿ ದಿನವೂ ಬಿಸಿ ಪಾತ್ರೆ ಇಳಿಸುತ್ತಿದೆ. ಇದನ್ನು ನೋಡಿದ ಮೇಲೆ ಉಡುಗೊರೆಯ ಬಗ್ಗೆ ನನ್ನ ಯೋಚನೆಯೇ ಬದಲಾಯಿತು. ಮಸಿಬಟ್ಟೆಯನ್ನು ಹತ್ತಿಯ ನೂಲಿನಲ್ಲೇ ಹೆಣೆಯಬೇಕು. ಅಕ್ರಿಲಿಕ್ ನೂಲು ಬಿಸಿಗೆ ಕರಗುತ್ತದೆ, ಕೈ ಸುಡುತ್ತದೆ.

3. ಗಂಟೆಯ ಲೆಕ್ಕ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಗಂಟೆಯ ಲೆಕ್ಕವೇಕೆ ಎಂದು ನಾನೂ ಕೇಳುತ್ತಿದ್ದೆ.

ಮೊದಲು ಕೈಯ ವೇಗ ಅಳೆಯಿರಿ. ಗಡಿಯಾರ ಮುಂದಿಟ್ಟುಕೊಂಡು ಐದು ಕುಚ್ಚು ಹಾಕಿ, ಬಂದ ನಿಮಿಷಗಳನ್ನು ಐದರಿಂದ ಭಾಗಿಸಿ. ಸೆರಗಿನ ಅಗಲ ಸಾಮಾನ್ಯವಾಗಿ 45 ಇಂಚಿನ ಆಸುಪಾಸು. ಇಂಚಿಗೊಂದರಂತೆ ಹಾಕಿದರೆ 45 ಕುಚ್ಚು. ನನಗೆ ಒಂದಕ್ಕೆ 4 ನಿಮಿಷ ಹಿಡಿಯುತ್ತದೆ, ಅಂದರೆ ಸಾದಾ ಕುಚ್ಚಿನ ಒಂದು ಸೀರೆಗೆ 3 ಗಂಟೆ. ಅಂಚಿಗೆ ಕ್ರೋಶಾ ಹೆಣೆದು, ಮಣಿ ಪೋಣಿಸಿ, ಆಮೇಲೆ ಕುಚ್ಚು ಇಳಿಬಿಡುವ ಕ್ರೋಶಾ ಕುಚ್ಚಿಗೆ 7 ಗಂಟೆ. ಕಸೂತಿಯಾದರೆ ಅಂಗೈಯಗಲದ ಒಂದು ಹೂವಿಗೆ ಎಷ್ಟು ಹೊತ್ತು ಎಂದು ನೋಡಿಕೊಳ್ಳಿ. ಹೆಣಿಗೆಯಾದರೆ ಹತ್ತು ಸಾಲಿಗೆ ಎಷ್ಟು ಎಂದು.

ಇನ್ನು ನಿಮಗೆ ನಿಜವಾಗಿ ಸಿಗುವ ಹೊತ್ತು. ಒಂದು ವಾರ ಪ್ರತಿ ರಾತ್ರಿ ಬರೆದಿಡಿ. ನನ್ನದು ಮಧ್ಯಾಹ್ನ ಒಂದೂವರೆ ಗಂಟೆ, ರಾತ್ರಿ ಊಟದ ಪಾತ್ರೆ ತೊಳೆದ ಮೇಲೆ ಒಂದು ಗಂಟೆ. ನೀರು ಬಿಡುವ ದಿನ, ನೆಂಟರು ಬರುವ ದಿನ, ತಲೆನೋವಿನ ದಿನ ಕಳೆದರೆ ವಾರಕ್ಕೆ ನಾಲ್ಕು ದಿನ ಮಾತ್ರ ನಂಬಬಹುದು. ಒಟ್ಟು 10 ಗಂಟೆ.

ಈ ಲೆಕ್ಕ ಗೊತ್ತಿಲ್ಲದೆ ಕಳೆದ ಶ್ರಾವಣದಲ್ಲಿ ನಾನು ಮಾಡಿದ ತಪ್ಪನ್ನು ಹೇಳಬೇಕು. ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ವಾರ ಇರುವಾಗ 11 ಸೀರೆ ಒಪ್ಪಿಕೊಂಡೆ. 6 ಸಾದಾ, 5 ಕ್ರೋಶಾ ಕುಚ್ಚಿನವು. ಲೆಕ್ಕ ಹಾಕಿದ್ದರೆ 53 ಗಂಟೆಯ ಕೆಲಸ. ನನ್ನ ಬಳಿ ಇದ್ದದ್ದು 30. ಹಬ್ಬದ ಹಿಂದಿನ ದಿನ ಮೂರು ಸೀರೆಗಳನ್ನು ಹಾಗೆಯೇ ಮಡಿಚಿ ವಾಪಸು ಕೊಟ್ಟೆ. ಒಬ್ಬರು ಏನೂ ಅನ್ನಲಿಲ್ಲ, ಸೀರೆಯನ್ನು ಎದೆಗೆ ಒತ್ತಿಕೊಂಡು ಹೊರಟುಹೋದರು. ಅದು ಇವತ್ತಿಗೂ ಮನಸ್ಸಿನಲ್ಲಿದೆ. ಆಮೇಲೆ ಕೂತು ಕೂಡಿಸಿದರೆ, ಮುಗಿಸಿಕೊಟ್ಟ 6 ಸಾದಾ, 2 ಕ್ರೋಶಾ ಸೀರೆಗಳಿಗೆ 32 ಗಂಟೆ ಆಗಿತ್ತು. ಕೈ ಸೋತಿರಲಿಲ್ಲ, ತನ್ನ ಅಳತೆಗಿಂತ ಎರಡು ಗಂಟೆ ಹೆಚ್ಚೇ ದುಡಿದಿತ್ತು. ತಪ್ಪಿದ್ದು ಒಪ್ಪಿಕೊಂಡ ಬಾಯಿ.

ದುಡಿಮೆಗಾಗಿ ಮಾಡುವವರು ಇನ್ನೊಂದು ಲೆಕ್ಕವನ್ನೂ ಇಲ್ಲೇ ಮುಗಿಸಿ. ಪಡೆದ ಹಣದಲ್ಲಿ ಸಾಮಗ್ರಿಯ ಖರ್ಚು ಕಳೆದು ಗಂಟೆಯಿಂದ ಭಾಗಿಸಿ. ಸಾದಾ ಕುಚ್ಚಿಗೆ ನಾನು 350 ರೂಪಾಯಿ ಪಡೆದೆ. ದಾರಕ್ಕೆ 50 ಕಳೆದರೆ ಗಂಟೆಗೆ 100. ಕ್ರೋಶಾ ಕುಚ್ಚಿಗೆ 900 ಪಡೆದೆ. ದಾರ, ಮಣಿಗೆ 130 ಕಳೆದರೆ ಗಂಟೆಗೆ 110. ಕಣ್ಣಿಗೆ ಅಷ್ಟು ಶ್ರಮ ಕೊಟ್ಟು, ಅಷ್ಟು ವರ್ಷದ ಕೌಶಲ ಬೇಡುವ ಕೆಲಸಕ್ಕೆ ಸಿಕ್ಕಿದ್ದು ಗಂಟೆಗೆ ಹತ್ತು ರೂಪಾಯಿ ಹೆಚ್ಚು. ದರ ಏರಿಸಬೇಕೆಂದು ಯಾರೂ ನನಗೆ ಹೇಳಬೇಕಾಗಲಿಲ್ಲ, ಈ ಎರಡು ಸಾಲು ಸಾಕಾಯಿತು.

4. ಅರ್ಧಕ್ಕೆ ನಿಂತ ಗಂಟು

ಇಲ್ಲಿ ಆತುರ ಬೇಡ. ಒಂದೊಂದನ್ನೇ ಕೈಗೆತ್ತಿಕೊಂಡು, ಯಾಕೆ ನಿಂತಿತು ಎಂದು ಒಂದೇ ಸಾಲಿನಲ್ಲಿ ಬರೆದು ಅದಕ್ಕೇ ಪಿನ್ ಮಾಡಿ. ಸೋಮಾರಿತನ ಎಂದು ಮಾತ್ರ ಬರೆಯಬೇಡಿ. ನನ್ನ ಅನುಭವದಲ್ಲಿ ಅದರ ಹಿಂದೆ ಯಾವಾಗಲೂ ಬೇರೆ ಕಾರಣ ಇರುತ್ತದೆ.

ನೂಲು ಸಾಲದೆ ನಿಂತಿತೇ? ಅದೇ ಬಣ್ಣದ ಸಂಖ್ಯೆ ಕೇಳಿ ತಂದರೂ ಬೇರೆ ಸಲ ಬಣ್ಣಕ್ಕೆ ಅದ್ದಿದ ನೂಲಾದರೆ ಗೆರೆ ಎಳೆದಂತೆ ವ್ಯತ್ಯಾಸ ಕಾಣುತ್ತದೆ. ಹಾಗಾಗಿ ಹೊಸ ನೂಲನ್ನು ಅಂಚಿಗೆ ಇಡಿ, ಇಲ್ಲವೇ ಹಳೆಯದು ಒಂದು ಸಾಲು, ಹೊಸದು ಒಂದು ಸಾಲು ಎಂದು ಬೆರೆಸಿ.

ಕಣ್ಣಿಗೆ ಆಗದೆ ನಿಂತಿತೇ? ಕಪ್ಪು ಬಟ್ಟೆಯ ಮೇಲಿನ ಕಸೂತಿ ರಾತ್ರಿ ಬಲ್ಬಿನ ಬೆಳಕಿನಲ್ಲಿ ಯಾರಿಗಾದರೂ ಕಷ್ಟ. ಅದನ್ನು ಹಗಲಿನ ಕೆಲಸ ಎಂದು ಬರೆದಿಡಿ. ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡರೆ ಎಳೆಗಳ ನಡುವಿನ ತೂತುಗಳು ಎದ್ದು ಕಾಣುತ್ತವೆ.

ಹೆದರಿಕೆಯಿಂದ ನಿಂತಿತೇ? ಒಳ್ಳೆಯ ರೇಷ್ಮೆ ಬಟ್ಟೆಗೆ ಕತ್ತರಿ ಹಾಕಲು ಕೈ ಬರದೆ ವರ್ಷಗಟ್ಟಲೆ ಮಡಿಚಿಟ್ಟವರು ನಮ್ಮಲ್ಲಿ ಬಹಳ ಮಂದಿ. ಹಳೆಯ ಪಂಚೆಯಲ್ಲಿ ಅದೇ ಅಳತೆಯನ್ನು ಒಮ್ಮೆ ಕತ್ತರಿಸಿ, ಹೊಲಿದು ನೋಡಿ. ಅರ್ಧ ದಿನ ಹೋದರೆ ಹೋಗಲಿ, ಧೈರ್ಯ ಬರುತ್ತದೆ.

ಬೇಸರದಿಂದ ನಿಂತದ್ದೂ ಇರುತ್ತದೆ. ಒಂದೇ ಬಗೆಯ ಅರವತ್ತು ಚೌಕ ಹೆಣೆಯಬೇಕಾದ ಹೊದಿಕೆ ಇಪ್ಪತ್ತೆರಡಕ್ಕೆ ನಿಂತಿದ್ದರೆ, ಇಪ್ಪತ್ತಕ್ಕೆ ಎರಡು ದಿಂಬಿನ ಕವರಿನ ಮುಂಭಾಗ ಆಗುತ್ತದೆಯೇ ನೋಡಿ. ಮೊದಲು ಅಂದುಕೊಂಡದ್ದೇ ಆಗಬೇಕೆಂಬ ಕಟ್ಟಳೆ ಇಲ್ಲ.

ಎಲ್ಲಕ್ಕಿಂತ ನೋಯಿಸುವುದು ಕಾಲ ಮೀರಿ ನಿಂತ ಕೆಲಸ. ನನ್ನ ತಂಗಿಯ ಮಗಳಿಗೆ ಮೊದಲ ಹುಟ್ಟುಹಬ್ಬಕ್ಕೆಂದು ಹಳದಿ ಉಣ್ಣೆಯಲ್ಲಿ ಫ್ರಾಕು ಶುರು ಮಾಡಿದ್ದೆ. ಮಗು ಈಗ ಅಂಗನವಾಡಿಗೆ ಹೋಗುತ್ತಿದೆ. ಆ ಚೀಲ ಕಣ್ಣಿಗೆ ಬಿದ್ದಾಗಲೆಲ್ಲ ಅಪರಾಧ ಮಾಡಿದಂತೆ ಅನ್ನಿಸುತ್ತಿತ್ತು. ಕಳೆದ ಧನುರ್ಮಾಸದಲ್ಲಿ ನಮ್ಮ ಸೋದರತ್ತೆ ಅದನ್ನು ಎತ್ತಿ ನೋಡಿ, "ಬಿಚ್ಚಿಬಿಡಮ್ಮ, ನೂಲು ಏನೂ ತಪ್ಪು ಮಾಡಿಲ್ಲ" ಎಂದರು. ಬಿಚ್ಚಲು 40 ನಿಮಿಷವೂ ಆಗಲಿಲ್ಲ. ಆ ಮಗುವೇ ಎರಡು ಕೈ ಚಾಚಿಕೊಂಡು ಕೂತಳು, ಅವಳ ಕೈಗೇ ಲಡಿ ಸುತ್ತಿದೆ. ಅದೇ ನೂಲಿನಲ್ಲಿ ಅವಳಿಗೆ ಒಂದು ಟೋಪಿ ಆಯಿತು. ಚಿಕ್ಕಬಳ್ಳಾಪುರದ ಜನವರಿ ಚಳಿಗೆ ಅದು ತಕ್ಕದ್ದೇ.

ಬಿಚ್ಚಿದ ನೂಲು ಸುರುಳಿ ಸುರುಳಿಯಾಗಿರುತ್ತದೆ. ಹಾಗೆಯೇ ಹೆಣೆದರೆ ಹೊಲಿಗೆ ಏರುಪೇರಾಗುತ್ತದೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಬೇರೆ ಬಣ್ಣದ ಹತ್ತಿ ದಾರದಿಂದ ನಾಲ್ಕು ಕಡೆ ಸಡಿಲವಾಗಿ ಕಟ್ಟಿ. ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ತೂಗುಹಾಕಿ. ಉಣ್ಣೆಯೂ ಹತ್ತಿಯೂ ಹೀಗೆ ಚೆನ್ನಾಗಿ ನೆಟ್ಟಗಾಗುತ್ತವೆ. ಅಕ್ರಿಲಿಕ್ ಇಷ್ಟು ಸುಲಭವಾಗಿ ಬಗ್ಗುವುದಿಲ್ಲ. ಅದನ್ನು ನೆಟ್ಟಗೆ ಮಾಡಲು ಇಸ್ತ್ರಿ ಪೆಟ್ಟಿಗೆ ಮುಟ್ಟಿಸಬೇಡಿ, ನೂಲು ಜೀವ ಕಳೆದುಕೊಂಡು ಜೋತುಬೀಳುತ್ತದೆ.

ಹೀಗೆ ಪ್ರತಿಯೊಂದಕ್ಕೂ ತೀರ್ಮಾನ ಬರೆಯಿರಿ: ಮುಗಿಸುತ್ತೇನೆ, ಬಿಚ್ಚುತ್ತೇನೆ, ಕೊಟ್ಟುಬಿಡುತ್ತೇನೆ. ಮುಗಿಸುತ್ತೇನೆ ಎನ್ನುವ ಚೀಲದಲ್ಲಿ ಮೂರಕ್ಕಿಂತ ಹೆಚ್ಚು ಇರಬಾರದು ಎಂಬುದು ನನ್ನ ಕಟ್ಟುನಿಟ್ಟಿನ ನಿಯಮ. ಆ ಮೂರಕ್ಕೂ ಉಳಿದ ಗಂಟೆ ಎಷ್ಟು ಎಂದು ಚೀಟಿಯಲ್ಲಿ ಇರಲಿ. ಕೊಡುವುದಾದರೆ ನೂಲು, ಕಡ್ಡಿ, ನಮೂನೆ ಎಲ್ಲವನ್ನೂ ಸೇರಿಸಿ ಕೊಡಿ. ಕಲಿಯುತ್ತಿರುವ ಹುಡುಗಿಯೊಬ್ಬಳಿಗೆ ಅರ್ಧ ಹೆಣೆದ ತುಂಡು ಒಳ್ಳೆಯ ಪಾಠವಾಗುತ್ತದೆ.

5. ಸಾಮಗ್ರಿಯನ್ನು ತೂಗಿ, ಪರೀಕ್ಷಿಸಿ

ನೂಲನ್ನು ಉಂಡೆಗಳಲ್ಲಿ ಎಣಿಸಬೇಡಿ, ತಕ್ಕಡಿಯಲ್ಲಿ ಇಡಿ. ನನ್ನ ಬಳಿ 4 ಕಿಲೋ 200 ಗ್ರಾಂ ಇತ್ತು. ಇಡೀ ವರ್ಷ ಬಳಸಿದ್ದು 1 ಕಿಲೋ 600 ಗ್ರಾಂ. ಅಂದರೆ ಒಂದು ಉಂಡೆಯನ್ನೂ ಕೊಳ್ಳದೆ ಎರಡೂವರೆ ವರ್ಷ ಹೆಣೆಯಬಹುದು. ಬೆಂಗಳೂರಿನ ಚಿಕ್ಕಪೇಟೆಗೆ ಹೋದಾಗ ಅಂಗಡಿಯ ಬಣ್ಣಗಳ ಮುಂದೆ ಈ ಅಂಕಿ ನೆನಪಾಗಬೇಕು. ಈಗ ವರ್ಷಕ್ಕೆ ಎರಡೇ ಸಲ ಹೋಗುತ್ತೇನೆ, ಯುಗಾದಿಗೆ ಮುಂಚೆ ಒಮ್ಮೆ, ಆಷಾಢದಲ್ಲಿ ಒಮ್ಮೆ. ಎರಡು ಸಲವೂ ಪಟ್ಟಿ ಕೈಯಲ್ಲಿರುತ್ತದೆ.

ಕಸೂತಿಯ ಹತ್ತಿ ದಾರದ ಒಂದು ಲಡಿ ಸಾಮಾನ್ಯವಾಗಿ 8 ಮೀಟರ್, ಆರು ಎಳೆ. ಲಡಿಯ ಕಾಗದ ಕಿತ್ತೆಸೆದರೆ ಬಣ್ಣದ ಸಂಖ್ಯೆ ಹೋಯಿತು. ಕಾಗದವನ್ನು ದಾರದ ಜೊತೆಯೇ ಸುತ್ತಿಡಿ.

ಗಾಢ ಬಣ್ಣದ ದಾರಗಳನ್ನು ಈಗಲೇ ಪರೀಕ್ಷಿಸಿಬಿಡಿ. ಹೊಸ ಅಂಗಡಿಯೊಂದರಲ್ಲಿ ತಂದ ಮೆರೂನ್ ದಾರ ಒಬ್ಬರ ಕೆನೆ ಬಣ್ಣದ ಸೆರಗಿನ ಮೇಲೆ ಇಳಿದು, ಮೂರು ದಿನ ನನಗೆ ನಿದ್ದೆ ಬರಲಿಲ್ಲ. ನಾಲ್ಕು ಇಂಚಿನ ತುಂಡನ್ನು ಒದ್ದೆ ಮಾಡಿ, ಬಿಳಿ ಕರವಸ್ತ್ರದ ಮಡಿಕೆಯೊಳಗೆ ಇಟ್ಟು, ಮೇಲೆ ಭಾರ ಹೇರಿ ಒಣಗಲು ಬಿಡಿ. ಬಟ್ಟೆಯ ಮೇಲೆ ಗುಲಾಬಿ ಗುರುತು ಬಿದ್ದರೆ ಆ ದಾರ ಸೀರೆಯ ಹತ್ತಿರಕ್ಕೆ ಹೋಗಬಾರದು. ಮುತ್ತಿನಂಥ ಮಣಿಗಳನ್ನು ಉಗುರಿನಿಂದ ಕೆರೆದು ನೋಡಿ, ಹೊಳಪು ಸುಲಿದು ಬಂದರೆ ಅವೂ ಬೇಡ.

ಶಿಡ್ಲಘಟ್ಟದ ಸುತ್ತ ಇರುವವರ ಮನೆಯಲ್ಲಿ ರೇಷ್ಮೆಗೂಡುಗಳೂ ಇರಬಹುದು. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡಿನಿಂದ ನೂಲು ಬಿಚ್ಚಲು ಆಗುವುದಿಲ್ಲ. ಅಖಂಡವಾಗಿರಬೇಕಾದ ಎಳೆ ತುಂಡಾಗಿರುತ್ತದೆ. ಹಾರಕ್ಕೆ ಆ ಗೂಡುಗಳೇ ಸರಿ. ಇಡೀ ಗೂಡನ್ನು ಬಳಸುವುದಾದರೆ ಕತ್ತರಿಸಿ ಒಳಗಿನ ಹುಳುವನ್ನು ಪೂರ್ತಿ ತೆಗೆಯಿರಿ. ಇಲ್ಲವಾದರೆ ಅದರ ಎಣ್ಣೆ ಇಳಿದು ಕಂದು ಕಲೆ ಆಗುತ್ತದೆ, ಕೀಟಗಳೂ ಬರುತ್ತವೆ. ಚೆನ್ನಾಗಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ.

6. ಕೈ ಏನು ಕಲಿಯಿತು

ಜನವರಿಯ ಒಂದು ಕೆಲಸ, ನವೆಂಬರಿನ ಒಂದು ಕೆಲಸ ಪಕ್ಕಪಕ್ಕ ಇಟ್ಟು, ಎರಡನ್ನೂ ತಿರುಗಿಸಿ ಹಿಂಭಾಗ ನೋಡಿ. ಗಂಟುಗಳು, ಎಳೆದಾಡಿದ ದಾರಗಳು ಕಡಿಮೆಯಾಗಿದ್ದರೆ ಅದೇ ವರ್ಷದ ಗಳಿಕೆ. ಎರಡು ಸಾಲು ಬರೆದು ಮುಂದೆ ಹೋಗಿ.

7. ಈಗ ಗುರಿ

ವಾರಕ್ಕೆ 10 ಗಂಟೆ ಎಂದರೆ ವರ್ಷಕ್ಕೆ 520. ಹಬ್ಬ, ಜ್ವರ, ಮಕ್ಕಳ ಪರೀಕ್ಷೆ, ಊರಿಗೆ ಹೋಗುವ ವಾರಗಳನ್ನು ಕಳೆದು ನಾನು 40 ವಾರ ಹಿಡಿಯುತ್ತೇನೆ: 400 ಗಂಟೆ. ಇದನ್ನು ಹಂಚಬೇಕು. ನನ್ನ ಹಂಚಿಕೆ ಹೀಗಿದೆ: ಕುಚ್ಚಿನ ಕೆಲಸಕ್ಕೆ 200, ಮನೆಗೂ ಉಡುಗೊರೆಗೂ 100, ನಿಂತ ಮೂರು ಕೆಲಸ ಮುಗಿಸಲು 60, ಹೊಸದು ಕಲಿಯಲು 40. ನಿಮ್ಮದು ಬೇರೆ ಇರಲಿ. ದುಡಿಮೆಯ ಹಂಗಿಲ್ಲದವರು ಕಲಿಕೆಗೆ ಧಾರಾಳವಾಗಿ ಕೊಡಿ.

ಗುರಿಯನ್ನು ಬರೆಯುವಾಗ, ಅದು ಮುಗಿಯಿತೋ ಇಲ್ಲವೋ ಎಂದು ಬೇರೊಬ್ಬರು ನೋಡಿ ಹೇಳುವಂತಿರಬೇಕು. "ಆರಿ ಕೆಲಸ ಕಲಿಯುತ್ತೇನೆ" ಎಂದು ನಾನು ಮೂರು ವರ್ಷ ಬರೆದೆ. ಆರಿ ಎಂದರೆ ಕೊಕ್ಕೆಯಂಥ ತುದಿಯ ಸೂಜಿಯಲ್ಲಿ ಹಾಕುವ ಕಸೂತಿ. ಈ ಸಲ "ಆಷಾಢ ಮುಗಿಯುವುದರೊಳಗೆ ನನ್ನ ನೀಲಿ ರವಿಕೆಯ ಎರಡೂ ತೋಳಿಗೆ ಆರಿ ಸೂಜಿಯಲ್ಲಿ ಸರಪಳಿ ಹೊಲಿಗೆಯ ಬಳ್ಳಿ" ಎಂದು ಬರೆದಿದ್ದೇನೆ.

ಗುರಿಗೆ ತಿಂಗಳು ಗೊತ್ತುಮಾಡುವಾಗ ಗೋಡೆಯ ಕ್ಯಾಲೆಂಡರಿನ ಜೊತೆಗೆ ಪಂಚಾಂಗವನ್ನೂ ನೋಡಿ. ಸಂಕ್ರಾಂತಿ ಕಳೆದ ಕೂಡಲೇ ಮದುವೆಯ ಕೆಲಸ ನಿಧಾನವಾಗಿ ಶುರುವಾಗುತ್ತದೆ, ಆದರೂ ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ತೇರು ಎಳೆಯುವ ಹೊತ್ತಿಗೆ ನಿಂತ ಮೂರರಲ್ಲಿ ಒಂದಾದರೂ ಮುಗಿದಿರಬೇಕು ಎಂದು ಇಟ್ಟುಕೊಂಡಿದ್ದೇನೆ. ಬೇಸಿಗೆಯಲ್ಲಿ ಕೈ ಬೆವರುತ್ತದೆ, ಬಿಳಿ ಮತ್ತು ಕೆನೆ ಬಣ್ಣದ ಕೆಲಸ ಆಗ ಬೇಡ. ಆಷಾಢದಲ್ಲಿ ಮದುವೆ ಇಲ್ಲ, ಅದು ಕಲಿಕೆಯ ತಿಂಗಳು. ಶ್ರಾವಣದ ಹುಣ್ಣಿಮೆಗೆ ಹಿಂದಿನ ಶುಕ್ರವಾರ ವರಮಹಾಲಕ್ಷ್ಮಿ. ಅಲ್ಲಿಂದ ನಾಲ್ಕು ವಾರ ಹಿಂದೆ ಎಣಿಸಿ ಕೆಂಪು ಗೆರೆ ಎಳೆಯಿರಿ, ಅದಾದ ಮೇಲೆ ಹೊಸ ಸೀರೆ ಒಪ್ಪಿಕೊಳ್ಳುವಂತಿಲ್ಲ. ಹಬ್ಬದ ದಿನಾಂಕ ಒಂದು ವರ್ಷ ಸುಮಾರು ಹನ್ನೊಂದು ದಿನ ಮುಂಚೆ ಬರುತ್ತದೆ, ಮಧ್ಯೆ ಅಧಿಕ ಮಾಸ ಬಿದ್ದರೆ ಎರಡು ಮೂರು ವಾರ ತಡವಾಗುತ್ತದೆ. ಹೋದ ವರ್ಷದ ತಾರೀಖನ್ನು ನಂಬಿ ಕೂರಬೇಡಿ. ಉಡುಗೊರೆಯ ಹೆಣಿಗೆ ಕಾರ್ತಿಕದ ಸಂಜೆಗಳಿಗೆ ಇರಲಿ.

8. ಎಲ್ಲಿ ಇಡಬೇಕು, ಯಾವಾಗ ನೋಡಬೇಕು

ಇಡೀ ಯೋಜನೆ ಒಂದೇ ಹಾಳೆಯಲ್ಲಿ ಹಿಡಿಸಬೇಕು. ನಾನು ಬೀರುವಿನ ಬಾಗಿಲಿನ ಒಳಗಡೆ ಅಂಟಿಸುತ್ತೇನೆ. ನೂಲು ತೆಗೆಯಲು ಬಾಗಿಲು ತೆರೆದಾಗಲೆಲ್ಲ ಕಾಣುತ್ತದೆ, ಬಂದವರಿಗೆ ಕಾಣುವುದಿಲ್ಲ. ಯುಗಾದಿಯಂದು ಮೊದಲ ಸಲ ತಿದ್ದುತ್ತೇನೆ. ಮೂರು ತಿಂಗಳಲ್ಲಿ ಗಂಟೆಯ ಅಂದಾಜು ತಪ್ಪಿದ್ದರೆ ಗುರಿಯನ್ನೇ ಕಡಿಮೆ ಮಾಡುತ್ತೇನೆ, ಅದರಲ್ಲಿ ನಾಚಿಕೆ ಏನೂ ಇಲ್ಲ. ಎರಡನೆಯದು ಆಯುಧಪೂಜೆಯ ಹಿಂದಿನ ದಿನ. ಕತ್ತರಿ, ಸೂಜಿ, ಕ್ರೋಶಾ ಕಡ್ಡಿ, ಯಂತ್ರ ಎಲ್ಲವನ್ನೂ ಹೇಗೂ ಒರೆಸಿ ಪೂಜೆಗೆ ಇಡುತ್ತೇವಲ್ಲ. ತುಕ್ಕು ಹಿಡಿದ ಸೂಜಿ ಎಸೆಯುವುದು, ಕತ್ತರಿ ಸಾಣೆಗೆ ಕೊಡುವುದು ಆ ದಿನವೇ ಆಗಲಿ.

ಈ ವರ್ಷದ ಹಾಳೆ ಸಿದ್ಧವಾಗಿದೆ. ಶ್ರಾವಣದ ಅಂಕಣದಲ್ಲಿ 30 ಗಂಟೆ ಎಂದು ದಪ್ಪಗೆ ಬರೆದಿದ್ದೇನೆ. ಮೊದಲ ಮೂರು ಸಾಲು ಆಗಲೇ ತುಂಬಿವೆ, ಕಳೆದ ಸಲ ಹಾಗೆಯೇ ವಾಪಸು ಕೊಟ್ಟ ಆ ಮೂರು ಸೀರೆಗಳವು. ಮೂವರ ಮನೆಗೂ ಹೋಗಿ ಕೇಳಿ ಬಂದೆ, ಮೂವರೂ ಒಪ್ಪಿದರು. ಮೂರೂ ಕ್ರೋಶಾ ಕುಚ್ಚು, 21 ಗಂಟೆ. ಉಳಿದ 9 ಗಂಟೆಗೆ ಇನ್ನು ಮೂರು ಸಾದಾ ಸೀರೆ ತೆಗೆದುಕೊಳ್ಳಬಹುದು.